ಈಜುಕೊಳದ ಯಂತ್ರಸೇವಕ

ತಳ ಕಾಣದ ಕೊಳಕ್ಕೆ ಇಳಿಯಬಾರದು. ತಳ ಗುಡಿಸುವ ಯಂತ್ರವನ್ನು ಆರಿಸುವುದು ಹೇಗೆ? ಕೊಂಡ ಮೇಲೆ ಬಾಳಿಸುವುದು ಹೇಗೆ?

ತಿಳಿನೀರಿನ ಈಜುಕೊಳವು ಕಣ್ಣಿಗೊಂದು ಹಬ್ಬ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನೀರಿನ ತಿಳಿ ಎಂಬುದು ಬರಿಯ ಅಂದದ ಮಾತಲ್ಲ. ಅದು ಪ್ರಾಣರಕ್ಷಣೆಯ ಮಾತು. ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ಫಾಲ್ ರಿವರ್ ಎಂಬ ಊರಿದೆ. ಅಲ್ಲಿನ ಸಾರ್ವಜನಿಕ ಕೊಳದಲ್ಲಿ ೨೦೧೧ನೆಯ ಇಸವಿ ಜೂನ್ ೨೬ರಂದು ಜಾರುಬಂಡಿಯಿಂದ ನೀರಿಗಿಳಿದ ಹೆಂಗಸೊಬ್ಬಳು ಮತ್ತೆ ಮೇಲೆ ಬರಲಿಲ್ಲ. ಕೊಳಕ್ಕೆ ಕಾವಲಿನವರಿದ್ದರು, ಸುತ್ತಲೂ ಈಜುವವರಿದ್ದರು. ಆದರೆ ನೀರು ಕದಡಿ ತಳ ಮರೆಯಾಗಿತ್ತು. ಮರುದಿನವೂ, ಅದರ ಮರುದಿನವೂ ಕೊಳ ತೆರೆದೇ ಇತ್ತು. ಜನರು ಬಂದು ಈಜಿ ಮನೆಗೆ ಮರಳಿದರು. ೨೮ರ ರಾತ್ರಿ ದೇಹವು ತಾನಾಗಿ ತೇಲಿ ಬಂದಾಗಲೇ ನಡೆದ ದುರಂತವು ಲೋಕಕ್ಕೆ ತಿಳಿದದ್ದು. ಎರಡು ದಿನಗಳ ಕಾಲ ಅಷ್ಟು ಜನರ ಕಾಲಡಿಯಲ್ಲೇ ಒಂದು ಹೆಣವನ್ನು ಬಚ್ಚಿಟ್ಟುಕೊಂಡಿದ್ದುದು ಕೊಳದ ಆಳವಲ್ಲ, ಕೊಳದ ಕದಡು.

ದಡದ ಮೇಲೆ ನಿಂತು ನೋಡಿದರೆ ಕೊಳದ ಅತ್ಯಂತ ಆಳವಾದ ಭಾಗದಲ್ಲಿರುವ ಬಚ್ಚಲುಕಂಡಿಯ ಜಾಲರಿಯು ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಯಾರನ್ನೂ ನೀರಿಗೆ ಬಿಡಕೂಡದು. ಇದು ಈಜುಕೊಳದ ಮೊದಲನೆಯ ಪಾಠ. ಹಾಗಾದರೆ ಆ ತಳವನ್ನು ದಿನದಿನವೂ ಗುಡಿಸಿ ಇಡುವವರಾರು? ಹಿಂದೆ ಉದ್ದನೆಯ ಕೋಲಿಗೆ ಕುಂಚ ಕಟ್ಟಿದ ಮನುಷ್ಯನೊಬ್ಬನೇ ಈ ಕೆಲಸಕ್ಕೆ ಗತಿಯಾಗಿದ್ದ. ಈಗ ಅವನ ಜೊತೆಗೆ ಯಂತ್ರಸೇವಕನೊಬ್ಬ ಬಂದಿದ್ದಾನೆ. ರೋಬಾಟ್ ಎಂದು ಹೆಸರಾದ ಈ ಸೇವಕ ಬೆಂಗಳೂರಿನ ವಸತಿಸಮುಚ್ಚಯಗಳ ಕೊಳಗಳಲ್ಲಿಯೂ, ಹೋಟೆಲು ಮತ್ತು ರೆಸಾರ್ಟುಗಳಲ್ಲಿಯೂ ಮೆಲ್ಲಮೆಲ್ಲನೆ ಕಾಣಿಸಿಕೊಳ್ಳುತ್ತಿದ್ದಾನೆ. ಅವನ ಗುಣವೇನು, ದೋಷವೇನು, ಅವನಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಅರಿಯದೆ ಹಣ ತೆತ್ತವರು ಬೇಗನೆ ನಿರಾಶರಾಗುತ್ತಾರೆ.

ಮೂರು ಕುಲಗಳು

ಕೊಳದ ನೀರನ್ನು ಪಂಪು ಸೆಳೆದು ಮರಳಿನ ಶೋಧಕದ ಮೂಲಕ ಹಾಯಿಸಿ ಮತ್ತೆ ಕೊಳಕ್ಕೆ ಬಿಡುವುದು ಅನೇಕ ಈಜುಕೊಳಗಳಲ್ಲಿ ಇರುವ ಏರ್ಪಾಡು. ನೀರಿನಲ್ಲಿ ತೇಲಾಡುವ ಕಶ್ಮಲವನ್ನು ಈ ಶೋಧಕ ಹಿಡಿಯುತ್ತದೆ. ಆದರೆ ನೀರಿಗಿಂತ ಭಾರವಾದ ಮಣ್ಣು, ಮರಳು, ನೆನೆದ ಎಲೆ, ಕೂದಲು, ಸತ್ತ ಪಾಚಿ ಇವೆಲ್ಲ ಪಂಪಿನ ಕೈಗೆ ಸಿಕ್ಕುವ ಮೊದಲೇ ತಳ ಸೇರುತ್ತವೆ. ಅಲ್ಲಿಂದ ಅವುಗಳನ್ನು ಎಬ್ಬಿಸಿ ತೆಗೆಯಬೇಕಾದರೆ ಯಾರಾದರೂ ತಳದವರೆಗೆ ಹೋಗಲೇಬೇಕು. ಈ ಕೆಲಸಕ್ಕಾಗಿ ಹುಟ್ಟಿದ ಯಂತ್ರಗಳಲ್ಲಿ ಮೂರು ಕುಲಗಳುಂಟು.

ಮೊದಲನೆಯದು ಹೀರುವ ಕುಲ. ಕೊಳದ ಪಂಪಿನ ಸೆಳೆತಕ್ಕೇ ಒಂದು ಕೊಳವೆಯನ್ನು ಸಿಕ್ಕಿಸಿ, ಅದರ ತುದಿಯಲ್ಲಿ ತಳಕ್ಕೆ ಅಂಟಿಕೊಂಡು ಹರಿದಾಡುವ ಬಿಲ್ಲೆಯೊಂದನ್ನು ಇಟ್ಟರೆ ಅದೇ ಯಂತ್ರ. ಬೆಲ್ಜಿಯನ್ ಕಾಂಗೋ ನಾಡಿನಿಂದ ೧೯೫೧ರಲ್ಲಿ ದಕ್ಷಿಣ ಆಫ್ರಿಕಕ್ಕೆ ಬಂದು ನೆಲಸಿದ ಫರ್ಡಿನೆಂಡ್ ಶೋವಿಯೇ ಎಂಬ ಜಲಯಂತ್ರತಜ್ಞನು ಕೊಳ ಗುಡಿಸುವ ಬೇಸರದಿಂದ ಜನರನ್ನು ಬಿಡಿಸಬೇಕೆಂದು ಹೆಣಗಿ, ೧೯೭೪ರಲ್ಲಿ ಇಂಥದೊಂದು ಯಂತ್ರವನ್ನು ಸಿದ್ಧಪಡಿಸಿದ. ‘ಕ್ರೀಪಿ ಕ್ರಾಲಿ’ ಎಂಬ ಹೆಸರಿನಿಂದ ಅದು ದೇಶದೇಶಗಳಿಗೂ ಹೋಯಿತು. ಬೆಲೆ ಅಗ್ಗ, ರಚನೆ ಸರಳ. ಆದರೆ ಕಸವೆಲ್ಲ ಕೊಳದ ದೊಡ್ಡ ಶೋಧಕಕ್ಕೇ ಹೋಗಿ ಸೇರುವುದರಿಂದ ಆ ಶೋಧಕವನ್ನು ಮತ್ತೆ ಮತ್ತೆ ತೊಳೆಯಬೇಕಾಗುತ್ತದೆ.

ಎರಡನೆಯದು ಒತ್ತಡದ ಕುಲ. ಪಂಪಿನಿಂದ ಮರಳಿ ಬರುವ ನೀರಿನ ರಭಸದಿಂದ ಇದು ಓಡಾಡುತ್ತದೆ. ಕಸವನ್ನು ತನ್ನ ಬೆನ್ನಮೇಲಿನ ಚೀಲದಲ್ಲಿ ತುಂಬಿಕೊಳ್ಳುತ್ತದೆ. ದೊಡ್ಡ ಎಲೆಗಳಿಗೆ ಇದು ಒಳ್ಳೆಯದು. ಆದರೆ ಇಂಥ ಎಷ್ಟೋ ಯಂತ್ರಗಳಿಗೆ ಬೇರೆಯೇ ಒಂದು ಸಹಾಯಕ ಪಂಪು ಬೇಕಾಗುತ್ತದೆ.

ಮೂರನೆಯದೇ ಪ್ರಕೃತ ಲೇಖನದ ನಾಯಕನಾದ ವಿದ್ಯುತ್ ರೋಬಾಟ್. ಇದು ಕೊಳದ ಪಂಪನ್ನಾಗಲಿ ಕೊಳವೆಯನ್ನಾಗಲಿ ಆಶ್ರಯಿಸುವುದಿಲ್ಲ. ತನ್ನದೇ ಮೋಟಾರು, ತನ್ನದೇ ಪಂಪು, ತನ್ನದೇ ಸೋಸುಬುಟ್ಟಿ ಇದರ ಹೊಟ್ಟೆಯೊಳಗಿರುತ್ತವೆ. ಇಸ್ರೇಲಿನ ಯಿಜ್ರಿಯೇಲ್ ಎಂಬ ಕಿಬ್ಬುಟ್ಜ್, ಎಂದರೆ ಸಾಮೂಹಿಕ ಒಕ್ಕಲಿನ ಹಳ್ಳಿ, ೧೯೮೩ರಲ್ಲಿ ಆರಂಭಿಸಿದ ಮೇಟ್ರಾನಿಕ್ಸ್ ಎಂಬ ಕಾರ್ಖಾನೆಯು ಇಂಥ ಯಂತ್ರಗಳಿಂದಲೇ ಜಗತ್ತಿನಲ್ಲಿ ಹೆಸರು ಪಡೆಯಿತು. ಇಂದು ಅನೇಕ ದೇಶಗಳ ಕಾರ್ಖಾನೆಗಳು ಈ ಕಸುಬಿಗೆ ಇಳಿದಿವೆ.

ನೀರೊಳಗಿನ ನಡಿಗೆ

ನೋಡುವುದಕ್ಕೆ ಈ ಯಂತ್ರ ದೊಡ್ಡದೊಂದು ಆಮೆಯಂತಿರುತ್ತದೆ. ಸಾಧಾರಣವಾದುದು ಸುಮಾರು ೧೦ ಕಿಲೊ ತೂಗುತ್ತದೆ. ಯುದ್ಧದ ಟ್ಯಾಂಕಿನಂತೆ ಎರಡು ಮಗ್ಗುಲಿನಲ್ಲಿಯೂ ರಬ್ಬರಿನ ಪಟ್ಟಿಗಳು. ಮುಂದೆ, ಅಥವಾ ಹಿಂದೆಮುಂದೆ ಎರಡು ಕಡೆಯೂ, ಉರುಳುವ ಕುಂಚಗಳು. ಕುಂಚವು ಕಶ್ಮಲವನ್ನು ಉಜ್ಜಿ ಬಿಡಿಸುತ್ತದೆ. ಹೊಟ್ಟೆಯ ಕೆಳಗಿನ ಬಾಯಿಂದ ನೀರನ್ನು ಪಂಪು ಒಳಗೆಳೆದುಕೊಂಡು, ಸೋಸುಬುಟ್ಟಿಯ ಮೂಲಕ ಹಾಯಿಸಿ, ಬೆನ್ನಿನ ಮೇಲಿನಿಂದ ಹೊರಕ್ಕೆ ಚಿಮ್ಮಿಸುತ್ತದೆ. ಮೇಲಕ್ಕೆ ಚಿಮ್ಮುವ ಈ ನೀರಿನ ಪ್ರತಿಕ್ರಿಯೆಯಿಂದ ಯಂತ್ರವು ತಳಕ್ಕೆ ಒತ್ತಲ್ಪಡುತ್ತದೆ. ಗೋಡೆಯನ್ನು ಹತ್ತುವಾಗಲೂ ಅದೇ ಒತ್ತಡ ಅದನ್ನು ಗೋಡೆಗೆ ಅಂಟಿಸುತ್ತದೆ. ಹಲ್ಲಿಯು ಗೋಡೆ ಹತ್ತುವಂತೆ ಇದು ನೀರಿನ ಮಟ್ಟದವರೆಗೆ ಏರಿ, ಅಲ್ಲಿ ಕಟ್ಟಿಕೊಂಡ ಎಣ್ಣೆಜಿಡ್ಡಿನ ಗೆರೆಯನ್ನು ತಿಕ್ಕಿ, ಮತ್ತೆ ಕೆಳಗಿಳಿಯುವ ನೋಟ ಮಕ್ಕಳಿಗೆ ಒಂದು ವಿನೋದ.

ದಡದ ಮೇಲಿನ ಪೆಟ್ಟಿಗೆಯೊಂದು ಮನೆಯ ವಿದ್ಯುತ್ತನ್ನು ಸುಮಾರು ೨೪ರಿಂದ ೩೦ ವೋಲ್ಟಿಗೆ ಇಳಿಸಿ ತೇಲುವ ಕೇಬಲಿನ ಮೂಲಕ ಯಂತ್ರಕ್ಕೆ ಒದಗಿಸುತ್ತದೆ. ಹಳೆಯ ಯಂತ್ರಗಳು ಕುರುಡನಂತೆ ಅಲ್ಲಿ ಇಲ್ಲಿ ಮುಟ್ಟಿ ತಿರುಗಿ ಓಡಾಡುತ್ತಿದ್ದುವು. ಹೊಸವುಗಳಲ್ಲಿ ದಿಕ್ಕನ್ನರಿಯುವ ಗೈರೋಸ್ಕೋಪ್ ಎಂಬ ಉಪಕರಣವಿದ್ದು, ರೈತನು ಹೊಲವನ್ನು ಸಾಲುಸಾಲಾಗಿ ಉಳುವಂತೆ ತಳವನ್ನು ಸಾಲು ಹಿಡಿದು ಗುಡಿಸುತ್ತವೆ. ಒಂದು ಸರದಿಗೆ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ.

ಒಂದು ಟ್ಯಾಂಕರು ನೀರಿನ ಲೆಕ್ಕ

ಕೆಲಸವನ್ನು ಮನುಷ್ಯನೇ ಮಾಡಬಹುದಲ್ಲ, ಇಷ್ಟು ಹಣ ಸುರಿದು ಯಂತ್ರವೇಕೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಉತ್ತರವು ಅಡಗಿರುವುದು ಕೂಲಿಯ ಲೆಕ್ಕದಲ್ಲಿ ಅಲ್ಲ, ನೀರಿನ ಲೆಕ್ಕದಲ್ಲಿ.

೨೦೨೪ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ಬಾಯಾರಿತ್ತು. ಕೊಳವೆಬಾವಿಗಳು ಬತ್ತಿದ್ದುವು. ನಗರದ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿ, ಮೀರಿದವರಿಗೆ ೫,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು. ಅದೇ ತಿಂಗಳು ಜಿಲ್ಲಾಡಳಿತವು ಟ್ಯಾಂಕರುಗಳ ದರವನ್ನು ಕಟ್ಟುಮಾಡಿದಾಗ, ೫ ಕಿಲೊಮೀಟರಿನ ಒಳಗೆ ೬,೦೦೦ ಲೀಟರಿನ ಟ್ಯಾಂಕರಿಗೆ ೬೦೦ ರೂಪಾಯಿ ಎಂದಾಯಿತು. ಇದ್ದ ನೀರನ್ನೇ ಕಾಪಾಡಿಕೊಳ್ಳುವುದು ಎಂಥ ವಿದ್ಯೆ ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

ಈಗ ಲೆಕ್ಕವನ್ನು ನೋಡೋಣ. ಗಂಟೆಗೆ ೧೨,೦೦೦ ಲೀಟರು ನೀರೆಳೆಯುವ ಪಂಪು ಇರುವ ಕೊಳವೊಂದನ್ನು ಊಹಿಸಿಕೊಳ್ಳಿ. ತಳದಲ್ಲಿ ಕೆಸರು ಹೆಚ್ಚಾದಾಗ ಕೆಲಸಗಾರನು ಹೀರುಕೊಳವೆಯಿಂದ ತೆಗೆದ ನೀರನ್ನು ಶೋಧಕಕ್ಕೆ ಕಳಿಸದೆ ನೇರವಾಗಿ ಚರಂಡಿಗೆ ಬಿಡುತ್ತಾನೆ. ಅರ್ಧ ಗಂಟೆ ಹೀಗೆ ಬಿಟ್ಟರೆ ೬,೦೦೦ ಲೀಟರು, ಎಂದರೆ ಒಂದು ಟ್ಯಾಂಕರು ನೀರು, ಹೋಯಿತು. ಶೋಧಕದ ಮೂಲಕವೇ ಹಾಯಿಸಿದರೂ ಮರಳಿನಲ್ಲಿ ಕಟ್ಟಿಕೊಂಡ ಕೆಸರನ್ನು ಆಮೇಲೆ ಹಿಮ್ಮುಖವಾಗಿ ತೊಳೆಯಬೇಕು. ಅದಕ್ಕೆ ಐದು ನಿಮಿಷ ಹಿಡಿದರೆ ೧,೦೦೦ ಲೀಟರು. ರೋಬಾಟಾದರೋ ತಳದ ಕೆಸರನ್ನು ತನ್ನ ಬುಟ್ಟಿಯಲ್ಲೇ ಹಿಡಿದು ನೀರನ್ನು ಕೊಳಕ್ಕೇ ಹಿಂತಿರುಗಿಸುತ್ತದೆ. ಬುಟ್ಟಿಯನ್ನು ತೊಳೆಯುವುದಕ್ಕೆ ಒಂದೆರಡು ಬಕೀಟು ನೀರು ಸಾಕು.

ವಿದ್ಯುತ್ತಿನ ಲೆಕ್ಕವೂ ಹೀಗೆಯೇ. ೧೮೦ ವ್ಯಾಟಿನ ರೋಬಾಟು ಎರಡೂವರೆ ಗಂಟೆ ಓಡಿದರೆ ಅರ್ಧ ಯೂನಿಟ್ಟೂ ಖರ್ಚಾಗುವುದಿಲ್ಲ. ಅಷ್ಟೇ ಹೊತ್ತು ಒಂದೂವರೆ ಕುದುರೆಶಕ್ತಿಯ ಪಂಪು ಓಡಿದರೆ ಎರಡೂಮುಕ್ಕಾಲು ಯೂನಿಟ್ಟು.

ಕೊಳ ನೋಡಿ ಯಂತ್ರ ಕೊಳ್ಳಿ

ಅಂಗಡಿಯಲ್ಲಿ ಥಳಥಳಿಸುವ ಯಂತ್ರವನ್ನು ನೋಡಿ ಮರುಳಾಗುವ ಮೊದಲು ಕೊಳದ ಬಳಿ ಹೋಗಿ ನಿಂತು ಐದಾರು ಸಂಗತಿಗಳನ್ನು ಬರೆದುಕೊಳ್ಳುವುದು ಜಾಣತನ.

ಮೊದಲನೆಯದು ನೆಲ. ಇದನ್ನು ಮರೆತು ಕೆಟ್ಟವರೇ ಹೆಚ್ಚು. ಒರಟಾದ ಸಿಮೆಂಟಿನ ನೆಲಕ್ಕೆ ಪ್ಲಾಸ್ಟಿಕ್ಕಿನ ಒರಟು ಕುಂಚ ಒಪ್ಪುತ್ತದೆ. ನಮ್ಮ ಕಡೆಯ ಕೊಳಗಳಿಗೋ ಬಹುಮಟ್ಟಿಗೆ ನುಣುಪಾದ ಹೆಂಚಿನ ಇಲ್ಲವೆ ಗಾಜಿನ ಮೊಸಾಯಿಕ್ ಬಿಲ್ಲೆಗಳ ಹೊದಿಕೆ. ಇವುಗಳ ಮೇಲೆ ಒರಟು ಕುಂಚದ ಯಂತ್ರವು ಜಾರುತ್ತದೆ, ಗೋಡೆಯನ್ನಂತೂ ಹತ್ತಲಾರದು. ಅದಕ್ಕೆ ಪಿ.ವಿ.ಎ. ಎಂಬ ನೊರೆರಬ್ಬರಿನಂಥ ಮೆತ್ತೆಯ ಕುಂಚವೇ ಬೇಕು. ಒಣಗಿದಾಗ ಕಟ್ಟಿಗೆಯಂತೆ ಬಿರುಸಾಗಿದ್ದು, ನೀರಿನಲ್ಲಿ ನೆನೆದೊಡನೆ ಮೃದುವಾಗಿ ನೆಲವನ್ನು ಹಿಡಿಯುವುದು ಇದರ ಸ್ವಭಾವ. ಯಂತ್ರವು ಗೋಡೆ ಹತ್ತುತ್ತಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಈ ಕುಂಚವನ್ನು ಬದಲಾಯಿಸಿದೊಡನೆ ಪರಿಹಾರವಾಗುವಂಥವು.

ಎರಡನೆಯದು ಅಳತೆ. ಕೊಳದ ಅತ್ಯಂತ ದೂರದ ಮೂಲೆ, ಅಲ್ಲಿನ ಆಳ, ದಡದಿಂದ ವಿದ್ಯುತ್ ಪೆಟ್ಟಿಗೆಗೆ ಇರುವ ಅಂತರ ಇವನ್ನೆಲ್ಲ ಕೂಡಿಸಿ ಅಷ್ಟು ಉದ್ದದ ಕೇಬಲು ಇದೆಯೇ ಎಂದು ನೋಡಬೇಕು. ಸಾಮಾನ್ಯ ಮನೆಬಳಕೆಯ ಯಂತ್ರಕ್ಕೆ ಸುಮಾರು ೧೮ ಮೀಟರ್ ಕೇಬಲು ಇರುತ್ತದೆ. ೧೦ ಮೀಟರಿನ ಕೊಳಕ್ಕೆ ಇದು ಧಾರಾಳ. ೫೦ ಮೀಟರಿನ ಸ್ಪರ್ಧಾಕೊಳಕ್ಕೆ ಇದನ್ನು ತಂದರೆ ಕರುವನ್ನು ನೇಗಿಲಿಗೆ ಕಟ್ಟಿದಂತೆಯೇ ಸರಿ. ಅಲ್ಲಿಗೆ ಸಾರ್ವಜನಿಕ ಕೊಳಗಳಿಗೆಂದೇ ಮಾಡಿದ ದೊಡ್ಡ ಯಂತ್ರಗಳು ಬೇರೆ ಇವೆ.

ಮೂರನೆಯದು ಆಕಾರ. ಮೂಲೆಗಳು ನೇರವಾದ ಚಚ್ಚೌಕದ ಕೊಳದಲ್ಲಿ ಯಾವ ಯಂತ್ರವಾದರೂ ಓಡೀತು. ಮೆಟ್ಟಿಲು, ಒಮ್ಮೆಗೇ ಇಳಿಯುವ ಆಳ, ಮಕ್ಕಳ ತೆಳುನೀರಿನ ಜಗಲಿ, ಅಂಚು ತುಂಬಿ ಹರಿಯುವ ಕಟ್ಟೆ ಇವು ಇದ್ದರೆ ಯಂತ್ರದ ಜಾಣತನಕ್ಕೆ ಪರೀಕ್ಷೆ. ಬಹುಮಟ್ಟಿನ ಯಂತ್ರಗಳು ಮೆಟ್ಟಿಲುಗಳನ್ನು ಪೂರ್ತಿಯಾಗಿ ಗುಡಿಸಲಾರವು; ತೆಳುನೀರಿನಲ್ಲಿ ಗಾಳಿ ಹೀರಿ ನಿಂತುಬಿಡುವುದೂ ಉಂಟು. ಮಾರುವವನ ಮಾತಿಗಿಂತ ಸ್ವಂತ ಕೊಳದಲ್ಲಿ ಒಂದು ಸರದಿ ಓಡಿಸಿ ನೋಡುವುದೇ ಲೇಸು.

ನಾಲ್ಕನೆಯದು ಕಸದ ಜಾತಿ. ಕೊಳದ ಸುತ್ತ ಮಳೆಮರವೋ ಗುಲ್‌ಮೊಹರೋ ಇದ್ದರೆ ಅವುಗಳ ಸಣ್ಣಸಣ್ಣ ಎಲೆದಳಗಳು ಗಾಳಿಗೆ ಉದುರಿ ನಿಮಿಷಮಾತ್ರದಲ್ಲಿ ಬುಟ್ಟಿಯನ್ನು ತುಂಬುತ್ತವೆ. ಅಲ್ಲಿಗೆ ದೊಡ್ಡ ಬುಟ್ಟಿಯ, ಅಗಲವಾದ ಬಾಯಿಯ ಯಂತ್ರ ಬೇಕು. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆದು ಧೂಳು ಬೀಳುತ್ತಿದ್ದರೆ ಸೂಕ್ಷ್ಮವಾದ ಸೋಸು ಬೇಕು. ಸೂಕ್ಷ್ಮ ಸೋಸು ಸುಮಾರು ೫೦ ಮೈಕ್ರಾನಿನ ಕಣವನ್ನೂ ಹಿಡಿಯುತ್ತದೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್ ಎಂದರೆ ಇದರ ಕೈಚಳಕ ತಿಳಿದೀತು. ಎರಡು ಬಗೆಯ ಸೋಸುಗಳನ್ನೂ ಬದಲಾಯಿಸಿ ಹಾಕಲು ಬರುವ ಯಂತ್ರವಾದರೆ ಮಳೆಗಾಲಕ್ಕೊಂದು ಬೇಸಗೆಗೊಂದು ಎಂದು ಇಟ್ಟುಕೊಳ್ಳಬಹುದು. ಬುಟ್ಟಿಯನ್ನು ಮೇಲಿನಿಂದಲೇ ಎತ್ತುವಂತಿದ್ದರೆ ಇನ್ನೂ ಒಳ್ಳೆಯದು. ಹತ್ತು ಕಿಲೊ ತೂಕದ ಒದ್ದೆ ಯಂತ್ರವನ್ನು ದಿನವೂ ಬೋರಲು ಹಾಕುವುದು ಬೆನ್ನಿಗೆ ಹಿತವಲ್ಲ.

ಐದನೆಯದು ಕೇಬಲು ಬೇಕೇ ಬೇಡವೇ ಎಂಬುದು. ಈಚೆಗೆ ಲಿಥಿಯಂ ಬ್ಯಾಟರಿಯಿಂದ ನಡೆಯುವ, ಕೇಬಲಿಲ್ಲದ ಯಂತ್ರಗಳು ಬಂದಿವೆ. ತೊಡಕಿಲ್ಲ, ಗೋಜಿಲ್ಲ. ಆದರೆ ಬ್ಯಾಟರಿ ತೀರಿದೊಡನೆ ಯಂತ್ರ ನಿಂತುಬಿಡುತ್ತದೆ. ಕೆಲವು ದಡಕ್ಕೆ ಬಂದು ನಿಲ್ಲುತ್ತವೆ, ಕೆಲವನ್ನು ತಳದಿಂದ ಕೊಕ್ಕೆ ಹಾಕಿ ಎತ್ತಬೇಕು. ವರ್ಷಗಳು ಕಳೆದಂತೆ ಬ್ಯಾಟರಿಯ ಕಸುವು ಕುಗ್ಗುವುದೂ ಸಹಜ. ಚಿಕ್ಕ ಕೊಳಕ್ಕೆ, ವಾರಕ್ಕೆರಡು ಸಲದ ಕೆಲಸಕ್ಕೆ ಇದು ಸಾಕು. ದಿನವೂ ಜನ ಇಳಿಯುವ ವಸತಿಸಮುಚ್ಚಯದ ಕೊಳಕ್ಕೆ ಕೇಬಲಿನ ಯಂತ್ರವೇ ನಂಬಿಕೆಯ ಬಂಟ.

ಕೊನೆಯದಾಗಿ, ಬಿಡಿಭಾಗಗಳು ಊರಿನಲ್ಲಿ ಸಿಕ್ಕುತ್ತವೆಯೇ, ದುರಸ್ತಿ ಬಲ್ಲವರು ಹತ್ತಿರದಲ್ಲಿದ್ದಾರೆಯೇ ಎಂದು ವಿಚಾರಿಸಬೇಕು. ಕುಂಚ, ಪಟ್ಟಿ, ಸೋಸು ಇವು ಸವೆಯಲೆಂದೇ ಇರುವ ಭಾಗಗಳು. ಅವು ಸಿಕ್ಕದ ಯಂತ್ರವನ್ನು ಕಡಮೆ ಬೆಲೆಗೆಂದು ತರುವುದು ಅಗ್ಗಕ್ಕೆ ಮುಗ್ಗಿದ ಜೋಳ ಕೊಂಡಂತೆ.

ಯಂತ್ರದಿಂದ ಆಗದ ಕೆಲಸ

ರೋಬಾಟು ಗುಡಿಸುವ ಆಳೇ ಹೊರತು ವೈದ್ಯನಲ್ಲ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಅರ್ಧ ನಿರಾಶೆ ತಪ್ಪುತ್ತದೆ. ೧೦ ಮೀಟರ್ ಉದ್ದ, ೫ ಮೀಟರ್ ಅಗಲ, ಸರಾಸರಿ ೧.೪ ಮೀಟರ್ ಆಳದ ಕೊಳದಲ್ಲಿ ೭೦,೦೦೦ ಲೀಟರ್ ನೀರಿರುತ್ತದೆ. ಗಂಟೆಗೆ ೧೫,೦೦೦ ಲೀಟರು ಸೋಸುವ ಯಂತ್ರವು ಎರಡು ಗಂಟೆ ಓಡಿದರೂ ಅದರ ಹೊಟ್ಟೆಯಲ್ಲಿ ಹಾದುಹೋಗುವುದು ೩೦,೦೦೦ ಲೀಟರು ಮಾತ್ರ. ಅದೂ ತಳದ ನೀರು. ಆದುದರಿಂದ ಕೊಳದ ಪಂಪು, ಮರಳಿನ ಶೋಧಕ, ಕ್ಲೋರೀನು ಇವುಗಳ ಕೆಲಸವನ್ನು ನಿಲ್ಲಿಸಿ ರೋಬಾಟನ್ನೇ ನೆಚ್ಚುವಂತಿಲ್ಲ.

ರಸಾಯನದ ಲೆಕ್ಕ ತಪ್ಪಿದರೆ ಏನಾದೀತೆಂಬುದನ್ನು ಇಡೀ ಜಗತ್ತು ಒಮ್ಮೆ ಕಣ್ಣಾರೆ ಕಂಡಿದೆ. ೨೦೧೬ರ ಆಗಸ್ಟ್ ತಿಂಗಳಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆಯುತ್ತಿದ್ದಾಗ, ನೀಲಿಯಾಗಿದ್ದ ಧುಮುಕುಕೊಳವು ೯ರಂದು ಪಾಚಿಹಸುರಾಗಿ ನಿಂತಿತು. ಕ್ರೀಡಾಪಟುಗಳು ಆ ಹಸುರಿನೊಳಕ್ಕೇ ಧುಮುಕಬೇಕಾಯಿತು. ಕೆಲಸಗಾರರು ೫ನೆಯ ತಾರೀಖು ೮೦ ಲೀಟರ್ ಹೈಡ್ರೊಜನ್ ಪೆರಾಕ್ಸೈಡನ್ನು ಕೊಳಕ್ಕೆ ಸುರಿದಿದ್ದರೆಂದೂ, ಅದು ಕ್ಲೋರೀನಿನ ಶಕ್ತಿಯನ್ನು ಅಡಗಿಸಿತೆಂದೂ, ಹೀಗಾಗಿ ನೀರಿನಲ್ಲಿ ಪಾಚಿಯಂಥವು ಬೆಳೆಯಲು ಎಡೆಯಾಯಿತೆಂದೂ ಅಧಿಕಾರಿಗಳು ಆಮೇಲೆ ವಿವರಿಸಿದರು. ಪಕ್ಕದ ದೊಡ್ಡ ಕೊಳಕ್ಕೂ ಬಣ್ಣ ಹತ್ತಿ, ಕೊನೆಗೆ ಅದರ ನೀರನ್ನೇ ಖಾಲಿಮಾಡಿ ಬೇರೆ ನೀರು ತುಂಬಬೇಕಾಯಿತು. ಜಗತ್ತಿನ ಅತ್ಯುತ್ತಮ ರೋಬಾಟನ್ನು ಆ ಕೊಳಕ್ಕೆ ಇಳಿಸಿದ್ದರೂ ಅದು ಹಸುರು ನೀರಿನಲ್ಲಿ ಓಡಾಡಿ ಹಸುರಾಗಿಯೇ ಮೇಲೆ ಬರುತ್ತಿತ್ತು.

ಆದುದರಿಂದ ಮೊದಲು ನೀರು, ಆಮೇಲೆ ಯಂತ್ರ. ನೀರಿನ ಪಿ.ಎಚ್. ಪ್ರಮಾಣವು ೭ ಮತ್ತು ೭.೮ರ ನಡುವೆ ಇರಬೇಕು. ಕ್ಲೋರೀನು ಹತ್ತು ಲಕ್ಷದಲ್ಲಿ ಕನಿಷ್ಠ ಒಂದು ಭಾಗವಾದರೂ ಇರಬೇಕು. ಅತಿಯಾದರೆ ಅದೂ ಯಂತ್ರಕ್ಕೆ ವಿಷವೇ. ಹತ್ತು ಲಕ್ಷದಲ್ಲಿ ೪ ಭಾಗಕ್ಕಿಂತ ಹೆಚ್ಚು ಕ್ಲೋರೀನಿರುವ ನೀರಿಗೆ ಇಳಿಸಬೇಡಿರೆಂದು ಅನೇಕ ಯಂತ್ರಗಳ ಕೈಪಿಡಿಯಲ್ಲಿ ಹೇಳಿರುತ್ತದೆ. ಪಾಚಿಯನ್ನು ಕೊಲ್ಲಲೆಂದು ಕ್ಲೋರೀನನ್ನು ಹೆಚ್ಚಾಗಿ ಸುರಿದ ದಿನ ಯಂತ್ರಕ್ಕೆ ರಜೆ ಕೊಡಬೇಕು; ಪ್ರಮಾಣವು ಇಳಿದ ಮೇಲೆ ಸತ್ತ ಪಾಚಿಯನ್ನು ಗುಡಿಸಲು ಅದನ್ನು ಕರೆಯಬೇಕು. ಪಟಿಕ ಹಾಕಿ ಕದಡನ್ನು ತಳಕ್ಕಿಳಿಸಿದ ದಿನವೂ ಹಾಗೆಯೇ. ಆ ಸೂಕ್ಷ್ಮ ಗಷ್ಟು ಯಂತ್ರದ ಸೋಸನ್ನು ಕಟ್ಟಿಬಿಡುತ್ತದೆ, ಇಲ್ಲವೆ ಅದರ ಮೂಲಕ ನುಸುಳಿ ಮತ್ತೆ ನೀರನ್ನು ಕದಡುತ್ತದೆ. ಅಂಥ ಕೆಸರನ್ನು ಹಳೆಯ ಹೀರುಕೊಳವೆಯಿಂದಲೇ ತೆಗೆಯಬೇಕು.

ದಿನದ ಆರೈಕೆ

ಎತ್ತನ್ನು ದುಡಿಸಿಕೊಂಡವನು ಸಂಜೆ ಅದರ ಮೈ ತೊಳೆದು ಮೇವಿಡುವಂತೆ, ಈ ಯಂತ್ರಕ್ಕೂ ದಿನದ ಆರೈಕೆ ಬೇಕು. ಅದು ಕಷ್ಟದ್ದೇನೂ ಅಲ್ಲ. ಹತ್ತು ನಿಮಿಷದ ಕೆಲಸ.

ಸರದಿ ಮುಗಿದೊಡನೆ ವಿದ್ಯುತ್ತನ್ನು ಆರಿಸಿ, ಕೇಬಲಿನಿಂದ ಯಂತ್ರವನ್ನು ಮೆಲ್ಲನೆ ದಡದ ಹತ್ತಿರಕ್ಕೆ ಎಳೆಯಬೇಕು. ಆದರೆ ಕೇಬಲಿನಿಂದಲೇ ನೀರಿನ ಹೊರಕ್ಕೆ ಎತ್ತಬಾರದು, ಎತ್ತುವುದಕ್ಕೆ ಹಿಡಿಯುಂಟು. ಕೇಬಲಿನಿಂದ ಎತ್ತಿ ಎತ್ತಿ ಒಳಗಿನ ತಂತಿ ತುಂಡಾದ ಯಂತ್ರಗಳಿಗೆ ಲೆಕ್ಕವಿಲ್ಲ. ಅಂಚಿನಲ್ಲಿ ಹತ್ತು ಹದಿನೈದು ಸೆಕೆಂಡು ಹಿಡಿದು ಒಳಗಿನ ನೀರು ಸೋರಿದ ಮೇಲೆ ಮೇಲಕ್ಕೆ ತರಬೇಕು.

ಬಳಿಕ ಬುಟ್ಟಿಯನ್ನು ತೆಗೆದು ಆಗಿಂದಾಗಲೇ ತೊಳೆಯಬೇಕು. ನಾಳೆ ತೊಳೆದರಾಯಿತು ಎಂದು ಬಿಟ್ಟರೆ ಜಿಡ್ಡು ಮತ್ತು ಕೆಸರು ಜಾಲರಿಯ ಕಣ್ಣುಗಳಲ್ಲಿ ಒಣಗಿ ಗಾರೆಯಂತಾಗುತ್ತದೆ. ಕಣ್ಣು ಮುಚ್ಚಿದ ಜಾಲರಿಯಿಂದ ನೀರು ಹಾಯುವುದಿಲ್ಲ. ನೀರು ಹಾಯದಿದ್ದರೆ ಒತ್ತಡವಿಲ್ಲ. ಒತ್ತಡವಿಲ್ಲದೆ ಗೋಡೆ ಹತ್ತುವಂತಿಲ್ಲ. ಯಂತ್ರ ಕೆಟ್ಟಿತೆಂದು ದುರಸ್ತಿಗೆ ಕಳಿಸುವ ಮೊದಲು ಬುಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಜಾಲರಿಯ ಮೇಲೂ ಕುಂಚದ ಮೇಲೂ ಸುಣ್ಣದ ಪೊರೆ ಕಟ್ಟುವುದುಂಟು. ಅಲ್ಲಿ ಕೊನೆಯ ಬಾರಿ ಜಾಲಾಡಿಸುವುದಕ್ಕೆ ಸಿಹಿನೀರು ಬಳಸಿದರೆ ಲೇಸು.

ವಾರಕ್ಕೊಮ್ಮೆ ಕೇಬಲನ್ನು ಪೂರ್ತಿಯಾಗಿ ಬಿಡಿಸಿ ನೆಲದ ಮೇಲೆ ನೇರವಾಗಿ ಹಾಸಿ, ತಿರುಚು ಬಿಡಿಸಿ, ಸ್ವಲ್ಪ ಹೊತ್ತು ಬಿಸಿಲಿಗೆ ಬಿಡಬೇಕು. ಬೆಚ್ಚಗಾದ ಕೇಬಲು ತಾನಾಗಿ ನೆಟ್ಟಗಾಗುತ್ತದೆ. ತಿರುಚಿದ ಕೇಬಲು ಯಂತ್ರವನ್ನು ಒಂದೇ ಕಡೆಗೆ ಸೆಳೆದು ಕೊಳದ ಅರ್ಧವನ್ನು ಗುಡಿಸದೆ ಬಿಡಿಸುತ್ತದೆ. ತಿಂಗಳಿಗೊಮ್ಮೆ ಪಂಪಿನ ರೆಕ್ಕೆಯ ಮೇಲಿನ ಮುಚ್ಚಳವನ್ನು ತೆಗೆದು ನೋಡಬೇಕು. ಅಲ್ಲಿ ಉದ್ದನೆಯ ಕೂದಲು, ದಾರ, ಹುಲ್ಲಿನೆಳೆ ಸುತ್ತಿಕೊಂಡು ಮೋಟಾರಿಗೆ ಉರುಳು ಹಾಕಿರುತ್ತವೆ. ಈಜುವವರು ತಲೆಗೆ ಟೊಪ್ಪಿಗೆ ಧರಿಸಬೇಕೆಂಬ ನಿಯಮಕ್ಕೆ ಇದೂ ಒಂದು ಕಾರಣವೆಂದು ತಿಳಿದರೆ ಅದನ್ನು ಬೇಸರವಿಲ್ಲದೆ ಪಾಲಿಸಬಹುದು. ಕುಂಚ ಮತ್ತು ಪಟ್ಟಿಗಳ ಸವೆತವನ್ನು ಆಗಾಗ ನೋಡಿ, ಸವೆದವನ್ನು ತಡಮಾಡದೆ ಬದಲಾಯಿಸಬೇಕು.

ಕೆಲಸವಿಲ್ಲದಾಗ ಯಂತ್ರವನ್ನು ನೀರಿನಲ್ಲೇ ಬಿಟ್ಟಿರಬಾರದು. ಕ್ಲೋರೀನು ರಬ್ಬರನ್ನು ತಿನ್ನುತ್ತದೆ. ಬಿಸಿಲು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ನೆರಳಿನಲ್ಲಿ, ಅದರ ಗಾಡಿಯ ಮೇಲೆ, ಕುಂಚಗಳು ನೆಲಕ್ಕೆ ಒತ್ತದಂತೆ ನಿಲ್ಲಿಸಬೇಕು. ನೀರಿನ ಹೊರಗೆ ಯಂತ್ರವನ್ನು ಓಡಿಸಿ ನೋಡುವ ಚಪಲವಂತೂ ಕೂಡದು. ಸುತ್ತಲಿನ ನೀರೇ ಅದರ ಮೋಟಾರಿಗೆ ತಂಪು. ನೀರಿಲ್ಲದೆ ಓಡಿದರೆ ನೀರುತಡೆಯ ಬಿಲ್ಲೆಗಳು ಕಾದು ಹಾಳಾಗುತ್ತವೆ. ಬ್ಯಾಟರಿಯ ಯಂತ್ರವಾದರೆ ವಿದ್ಯುತ್ ತುಂಬುವ ಮೊದಲು ಅದರ ಬಾಯನ್ನು ಒರಸಿ ಒಣಗಿಸಿ, ಬಿಸಿಲಿಲ್ಲದ ಕಡೆ ಇಡಬೇಕು.

ಪ್ರಾಣಕ್ಕೆ ಸಂಬಂಧಿಸಿದ ಮಾತು

ನೀರು ಮತ್ತು ವಿದ್ಯುತ್ತು ಒಂದೆಡೆ ಸೇರಿದಲ್ಲಿ ಅಸಡ್ಡೆಗೆ ಎಡೆಯಿಲ್ಲ. ಯಂತ್ರಕ್ಕೆ ಹೋಗುವುದು ಕಡಮೆ ವೋಲ್ಟಿನ ವಿದ್ಯುತ್ತಾದರೂ ದಡದ ಪೆಟ್ಟಿಗೆಗೆ ಬರುವುದು ಮನೆಯ ೨೩೦ ವೋಲ್ಟು. ಆದುದರಿಂದ ಪೆಟ್ಟಿಗೆಯು ಕೊಳದ ಅಂಚಿನಿಂದ ಮೂರು ಮೀಟರಿಗೂ ಹೆಚ್ಚು ದೂರದಲ್ಲಿ, ಕೈಪಿಡಿಯಲ್ಲಿ ಹೇಳಿದಷ್ಟು ಅಂತರದಲ್ಲಿ, ಮಳೆಯೂ ಸಿಂಪಡಿಕೆಯೂ ತಾಗದಂತೆ ಇರಬೇಕು. ಅದಕ್ಕೆ ವಿದ್ಯುತ್ತು ಕೊಡುವ ಸಾಲಿನಲ್ಲಿ ಆರ್.ಸಿ.ಸಿ.ಬಿ. ಎಂಬ ರಕ್ಷಕಸ್ವಿಚ್ಚು ಇರಲೇಬೇಕು. ೩೦ ಮಿಲಿಆಂಪಿಯರಿನಷ್ಟು ವಿದ್ಯುತ್ತು ಸೋರಿದೊಡನೆ ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಪ್ರವಾಹವನ್ನು ಕಡಿದುಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರವು ನೀರಿನಲ್ಲಿರುವಾಗ ಮನುಷ್ಯರು ನೀರಿನಲ್ಲಿ ಇರಕೂಡದು. ಅದು ಗೋಡೆ ಹತ್ತುವುದನ್ನು ನೋಡಲು ಮಕ್ಕಳು ಹತ್ತಿರ ಇಳಿಯುವುದು ಸಹಜ. ತಡೆಯುವುದು ಹಿರಿಯರ ಕರ್ತವ್ಯ. ಜನ ಬರುವ ಮೊದಲು ಬೆಳಗಿನ ಜಾವವೋ, ಎಲ್ಲರೂ ಹೋದ ಮೇಲೆ ರಾತ್ರಿಯೋ ಓಡಿಸುವುದು ಕ್ಷೇಮ.

ಹೊಣೆ ಯಾರದು?

ಮನೆಯ ಕೊಳವಾದರೆ ಯಜಮಾನನ ಕಣ್ಣು ಅದರ ಮೇಲಿರುತ್ತದೆ. ನೂರಾರು ಸಂಸಾರಗಳ ವಸತಿಸಮುಚ್ಚಯದಲ್ಲಿ ಎಲ್ಲರ ಕೊಳವೆಂದರೆ ಯಾರ ಕೊಳವೂ ಅಲ್ಲ. ಅಲ್ಲಿ ಯಂತ್ರವನ್ನು ಕೊಳ್ಳುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಬುಟ್ಟಿ ತೊಳೆಯುವ ಹೊಣೆ ಯಾರಿಗೂ ಇರುವುದಿಲ್ಲ. ಇನ್ನು ಕೆಲವೆಡೆ ಯಂತ್ರ ಬಂದಿತೆಂದು ಕೊಳದ ಕೆಲಸಗಾರನನ್ನೇ ಬಿಡಿಸುವ ಆಲೋಚನೆ ಹುಟ್ಟುತ್ತದೆ. ಇದರಂಥ ತಪ್ಪು ಲೆಕ್ಕ ಬೇರೊಂದಿಲ್ಲ. ಯಂತ್ರವು ಅವನ ಕೈಯಿಂದ ಕೋಲನ್ನು ಕಿತ್ತುಕೊಂಡದ್ದು ಅವನನ್ನು ಮನೆಗೆ ಕಳಿಸುವುದಕ್ಕಲ್ಲ. ತಳ ಉಜ್ಜುವುದರಲ್ಲಿ ಕಳೆಯುತ್ತಿದ್ದ ಆ ಒಂದೆರಡು ಗಂಟೆಗಳಲ್ಲಿ ಅವನು ನೀರನ್ನು ಪರೀಕ್ಷಿಸಲಿ, ಮೆಟ್ಟಿಲು ಮೂಲೆಗಳನ್ನು ತಿಕ್ಕಲಿ, ಶೋಧಕದ ಒತ್ತಡವನ್ನು ನೋಡಲಿ, ಈಜುವವರ ಮೇಲೆ ಕಣ್ಣಿಡಲಿ. ಕ್ಲೋರೀನು ಎಷ್ಟಿದೆಯೆಂದು ಯಂತ್ರಕ್ಕೆ ತಿಳಿಯದು. ಮಗುವೊಂದು ಮುಳುಗುತ್ತಿದೆಯೆಂದೂ ಅದಕ್ಕೆ ತಿಳಿಯದು.

ಇದಕ್ಕೆ ಬೇಕಾದುದು ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲು. ತಾರೀಖು, ಯಂತ್ರ ಓಡಿದ ಹೊತ್ತು, ಬುಟ್ಟಿ ತೊಳೆದವರ ಹೆಸರು, ಕ್ಲೋರೀನು ಮತ್ತು ಪಿ.ಎಚ್. ಪ್ರಮಾಣ, ಅತಿ ಆಳದಲ್ಲಿರುವ ಕಂಡಿಯ ಜಾಲರಿ ಕಂಡಿತೇ ಇಲ್ಲವೇ ಎಂಬ ಐದು ಅಂಕಣಗಳು ಅದರಲ್ಲಿರಲಿ. ಕೊನೆಯ ಅಂಕಣದಲ್ಲಿ ‘ಇಲ್ಲ’ ಎಂದು ಬರೆದ ದಿನ, ಯಂತ್ರವು ಎಷ್ಟೇ ಬೆಲೆಯದಾಗಿರಲಿ, ಅದು ಎಷ್ಟೇ ಗಂಟೆ ಓಡಿರಲಿ, ಕೊಳದ ಬಾಗಿಲಿಗೆ ಬೀಗ ಬೀಳಬೇಕು.